ಕಥೆ ನಿಲ್ಲುವ ಕಡೆ ಲೆಕ್ಕ ಶುರು

ಅರ್ಧ ಎಕರೆಯಲ್ಲಿ ಎಷ್ಟು ತೆಂಗಿನ ಸಸಿ ಹಿಡಿಯುತ್ತವೆ? ಆರನೇ ತರಗತಿಯ ಹಲಗೆಯ ಮೇಲೆ ಹೀಗೊಂದು ಲೆಕ್ಕ ಬರೆದರೆ ಮುಂದಿನ ಬೆಂಚಿನ ಮೂವರು ಮಾಡುತ್ತಾರೆ, ಉಳಿದವರು ಅದನ್ನು ನೋಡಿ ಬರೆದುಕೊಳ್ಳುತ್ತಾರೆ. ಅದನ್ನೇ ‘ಅಜ್ಜಿ ಯಾರನ್ನೂ ಕೇಳದೆ 30 ಸಸಿ ತಂದು ಜಗಲಿಯ ಮೇಲೆ ಇಳಿಸಿದ್ದಾಳೆ, ಮೊಮ್ಮಗ ಗುದ್ದಲಿ ಹಿಡಿದು ನಿಂತಿದ್ದಾನೆ, ಇರುವುದು 20 ಗುಂಟೆ’ ಎಂದು ಹೇಳಿ ಬಾಯಿ ಮುಚ್ಚಿಕೊಳ್ಳಿ. ‘ಆಮೇಲೆ ಏನಾಯ್ತು ಸಾರ್?’ ಎಂದು ಹಿಂದಿನ ಬೆಂಚು ಕೇಳುತ್ತದೆ. ‘ನೀವೇ ಹೇಳಬೇಕು, ಸಸಿ ಹಿಡಿಯುತ್ತವೋ ಇಲ್ಲವೋ?’ ಅಂದರೆ ಸಾಕು.

ಕಥೆಯ ಮೂಲಕ ಪಾಠ ಮಾಡಿ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತದೆ. ಹೇಳುವುದು ಸುಲಭ. ನಾನು ಮೊದಲ ಸಲ ಮಾಡಿದಾಗ ಗುಣಾಕಾರ ರಾಜ, ಭಾಗಾಕಾರ ರಾಣಿ ಎಂದು ಏನೋ ಕಟ್ಟಿದ್ದೆ. ಮಾತ್ರೆಗೆ ಬೆಲ್ಲ ಸವರಿದ ಹಾಗೆ. ಮಕ್ಕಳು ಬೆಲ್ಲ ನೆಕ್ಕಿ ಮಾತ್ರೆ ಉಗಿದರು: ರಾಜನ ಕಿರೀಟ ನೆನಪಿತ್ತು, ಮಗ್ಗಿ ಇರಲಿಲ್ಲ. ಆ ಕಥೆ ಲೆಕ್ಕ ಮಾಡದೆಯೂ ಮುಂದೆ ಹೋಗುತ್ತಿತ್ತು, ತಪ್ಪಾಗಿದ್ದು ಅಲ್ಲೇ.

ಮೊದಲು ವಸ್ತು ಹುಡುಕಿ

ಮಕ್ಕಳು ದಿನಾ ಮುಟ್ಟುವ ವಸ್ತುವೊಂದು ಬೇಕು. ಮಳೆಹನಿಯ ಆತ್ಮಕಥೆ, ಪೆನ್ಸಿಲಿನ ಆತ್ಮಕಥೆ ದಯವಿಟ್ಟು ಬೇಡ, ಅವುಗಳ ಕೊನೆ ಮಕ್ಕಳಿಗೆ ಬಾಯಿಪಾಠ. ತುಮಕೂರು, ಹಾಸನದ ಕಡೆಯ ನಮಗೆ ತೆಂಗಿನಕಾಯಿ. ಬ್ಯಾಡಗಿಯವರಿಗೆ ಮೆಣಸಿನಕಾಯಿ ಇದೆ, ಮಂಗಳೂರಿನವರಿಗೆ ಹಂಚು. ಆ ವಸ್ತುವನ್ನು ಅಳೆಯಲು, ತೂಗಲು, ಅದಕ್ಕಾಗಿ ಜಗಳವಾಡಲು ಸಾಧ್ಯವೇ ನೋಡಿ. ಜಗಳ ಇಲ್ಲದ ವಸ್ತು ಪಾಠಕ್ಕೂ ಸಪ್ಪೆ.

ಕಥೆಯನ್ನು ಪೂರ್ತಿ ಬರೆದುಕೊಂಡು ಹೋಗಬೇಡಿ. ಇಬ್ಬರು ಪಾತ್ರಧಾರಿಗಳು, ಒಂದು ತೊಡಕು, ಕಥೆಯನ್ನು ಎಲ್ಲಿ ನಿಲ್ಲಿಸಬೇಕು ಎಂಬ ಗುರುತು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಹತ್ತು ದಿನ ಓಡುತ್ತದೆ.

ಗಣಿತದ ಅವಧಿ: ಅಜ್ಜಿಯ ಬದು

ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ, 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಮೈದಾನದಲ್ಲಿ ಹಗ್ಗ ಹಿಡಿದು ಒಂದು ಗುಂಟೆಯನ್ನು ಸುಣ್ಣದಲ್ಲಿ ಗುರುತು ಮಾಡಿಸಿ. ಮನೆಯಲ್ಲಿ ದಿನಾ ಕೇಳುವ ಮಾತಾದರೂ ಅದರೊಳಗೆ ನಿಂತು ನೋಡಿದ ಮಕ್ಕಳು ಕಡಿಮೆ.

ಸಸಿಯಿಂದ ಸಸಿಗೆ 30 ಅಡಿ ಅಂತರ ಎಂದಿಟ್ಟುಕೊಳ್ಳಿ. 20 ಗುಂಟೆಯ 21,780 ಚದರ ಅಡಿಯನ್ನು 900ರಿಂದ ಭಾಗಿಸಿದರೆ 24 ಬರುತ್ತದೆ, ಚೂರು ಉಳಿಯುತ್ತದೆ. ತರಗತಿ ‘24’ ಎಂದು ಕೂಗುತ್ತದೆ. ಕೂಗಲಿ. ಈಗ ಕಥೆಗೆ ಒಂದು ತಿರುವು ಕೊಡಿ: ಅಜ್ಜಿಯ ಜಮೀನು ಚೌಕವಾಗಿಲ್ಲ, 66 ಅಡಿ ಅಗಲ, 330 ಅಡಿ ಉದ್ದದ ಪಟ್ಟಿ.

ನಕ್ಷೆ ಬರೆಸಿ. 15 ಅಡಿಗೆ 1 ಸೆಂ.ಮೀ. ಹಿಡಿದರೆ ಜಮೀನು 4.4 ಸೆಂ.ಮೀ. ಅಗಲ, 22 ಸೆಂ.ಮೀ. ಉದ್ದ ಆಗುತ್ತದೆ, ನೋಟ್‌ಬುಕ್ಕಿನ ಹಾಳೆಯಲ್ಲೇ ಕೂರುತ್ತದೆ. ಬದುವಿನಿಂದ 15 ಅಡಿ ಬಿಟ್ಟು ಸಸಿ ಇಡುತ್ತಾ ಹೋದರೆ ಅಗಲಕ್ಕೆ ಎರಡೇ ಸಾಲು, ಸಾಲಿಗೆ 11 ಸಸಿ. ಒಟ್ಟು 22. ಭಾಗಾಕಾರ 24 ಅಂದಿತ್ತಲ್ಲ, ಆ ಎರಡು ಸಸಿ ಎಲ್ಲಿ ಹೋದವು? ಅಲ್ಲಲ್ಲಿ ಚೂರು ಚೂರಾಗಿ ಉಳಿದ ಜಾಗವನ್ನೆಲ್ಲ ಭಾಗಾಕಾರ ಒಟ್ಟುಗೂಡಿಸಿತ್ತು, ಸಸಿಗೆ ಹಾಗೆ ಕೂಡಿಸಿದ ಜಾಗದಲ್ಲಿ ನಿಲ್ಲಲು ಬರುವುದಿಲ್ಲ. ಇದನ್ನು ನೀವು ಹೇಳಬೇಡಿ. ನಮ್ಮಲ್ಲಿ ಅವಧಿ ಮುಗಿಯುವ ಹೊತ್ತಿಗೆ ಒಬ್ಬಳು ಸ್ಕೇಲನ್ನು ಬದುವಿಗೆ ತಳ್ಳಿ, ‘ಸಾರ್, ಬದುವಿಗೆ 3 ಅಡಿ ಬಿಟ್ಟು ನೆಟ್ಟರೆ ಮೂರು ಸಾಲು ಬರ್ತದೆ, 33 ಹಿಡಿಸ್ತದೆ’ ಅಂದಳು. 3, 33, 63: ಅವಳ ಲೆಕ್ಕ ಸರಿ. ಅಜ್ಜಿಯ 30 ಸಸಿಗೂ ಜಾಗ ಸಿಕ್ಕಿತು, ಪಕ್ಕದವರ ಜೊತೆ ಜಗಳಕ್ಕೂ ದಾರಿಯಾಯಿತು.

ಸಮಾಜ ವಿಜ್ಞಾನಕ್ಕೆ ಬೇರೆ ಪೀಠಿಕೆ ಬೇಕಾಗಲಿಲ್ಲ. ಗರಿ ಆಚೆ ಚಾಚಿದೆ, ಕಾಯಿ ಆಚೆ ಬಿದ್ದಿದೆ, ಯಾರದ್ದು? ತರಗತಿಯನ್ನು ಎರಡು ಮನೆಯಾಗಿ ಒಡೆದು ಪಂಚಾಯ್ತಿ ಕೂರಿಸಿ. ತೀರ್ಪು ಹೇಳುವ ಮಗು ಕಾರಣ ಕೊಡಲೇಬೇಕು. ಸಮಯ ಉಳಿದರೆ ತಿಪಟೂರಿನ ಮಾರುಕಟ್ಟೆಗೆ ಬನ್ನಿ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,100 ರೂಪಾಯಿ ಬೆಂಬಲ ಬೆಲೆ ಘೋಷಿಸಿತ್ತು. ಮನೆಯಿಂದ ಒಂದು ಕೊಬ್ಬರಿ ತರಿಸಿ ತೂಗಿಸಿ. ಅದು 100 ಗ್ರಾಂ ಇದ್ದರೆ ಕ್ವಿಂಟಾಲಿಗೆ ಸಾವಿರ ಕೊಬ್ಬರಿ ಬೇಕು, ಒಂದಕ್ಕೆ ಸಿಕ್ಕಿದ್ದು 12 ರೂಪಾಯಿ 10 ಪೈಸೆ. ಅಟ್ಟಕ್ಕೆ ಹೊತ್ತ ಕೂಲಿ, ಸುಲಿದ ಕೂಲಿ ಕಳೆಯಲು ಮಕ್ಕಳೇ ಮುಂದಾಗುತ್ತಾರೆ.

ವಿಜ್ಞಾನಕ್ಕೆ ಮೂರು ಕಾಯಿ

ಎಳನೀರು ಒಂದು, ಬಲಿತ ಕಾಯಿ ಒಂದು, ಅಟ್ಟದಲ್ಲಿ ವರ್ಷ ಕಳೆದದ್ದು ಒಂದು. ಕಣ್ಣು ಕಟ್ಟಿ ಅಲ್ಲಾಡಿಸಲು ಕೊಡಿ. ಎಳನೀರು ಸದ್ದು ಮಾಡುವುದಿಲ್ಲ, ನೀರು ತುಂಬಿಕೊಂಡಿರುತ್ತದೆ. ಬಲಿತದ್ದು ಗುಳುಗುಳು ಅನ್ನುತ್ತದೆ. ಅಟ್ಟದ್ದು ಗಡಗಡ: ನೀರು ಇಂಗಿ, ತಿರುಳು ಒಣಗಿ ಕುಗ್ಗಿ, ಕರಟ ಬಿಟ್ಟು ಒಳಗೆ ಉರುಳುತ್ತಿದೆ. ಅಜ್ಜಿಗೆ ಕಣ್ಣು ಮಂಜಾಗಿದೆ, ಯಾವ ಕಾಯಿ ಕೊಬ್ಬರಿಯಾಗಿದೆ ಎಂದು ಅವಳು ಕಿವಿಯಲ್ಲೇ ಹೇಳುತ್ತಾಳೆ ಎಂದು ಕಥೆಗೆ ಸೇರಿಸಿದೆ. ಮಾರನೆಯ ದಿನ ಅರ್ಧ ತರಗತಿ ಮನೆಯ ಅಟ್ಟ ಹತ್ತಿ ಬಂದಿತ್ತು. (ಒಬ್ಬನಿಗೆ ಏಟೂ ಬಿದ್ದಿತ್ತು. ಮನೆಯವರಿಗೆ ಮೊದಲೇ ತಿಳಿಸಿಡಿ.)

ಕರಟದ ಮೂರು ಕಣ್ಣುಗಳಲ್ಲಿ ಒಂದೇ ಮೆತ್ತಗಿರುತ್ತದೆ, ಮೊಳಕೆ ಬರುವುದು ಅಲ್ಲಿಂದಲೇ. ಕಡ್ಡಿ ಚುಚ್ಚಿ ಹುಡುಕಲಿ.

ಇನ್ನು ಬರೆಯುವುದು

ಕನ್ನಡ ಅವಧಿಯಲ್ಲಿ ಕೊನೆಯನ್ನು ಮಕ್ಕಳೇ ಕಟ್ಟಬೇಕು. ನಾನು ಇಡುವ ಷರತ್ತು ಒಂದೇ: ಕಥೆಯಲ್ಲಿ ಏನು ಬೇಕಾದರೂ ಆಗಲಿ, ಅಳತೆ ಸುಳ್ಳಾಗಬಾರದು. ಕಾಯಿ ಮಾತಾಡಬಹುದು, ಅಜ್ಜಿ ಹಾರಬಹುದು, ಆದರೆ 66 ಅಡಿಯೊಳಗೆ ನಾಲ್ಕು ಸಾಲು ಬಂದರೆ ಮತ್ತೆ ಬರೆಯಬೇಕು. ಕಲ್ಪನೆಗೆ ಇದು ಅಡ್ಡಿ ಎಂದು ನನಗೂ ಅನ್ನಿಸಿತ್ತು. ಆದರೆ ಅಳತೆ ಬಿಗಿಯಾದಷ್ಟೂ ಉಪಾಯಗಳು ಹೊಸದಾಗಿ ಬಂದವು. ಒಬ್ಬ ಮಿಕ್ಕ ಎಂಟು ಸಸಿಯನ್ನು ಪಕ್ಕದ ಮನೆಯವರಿಗೇ ಕೊಡಿಸಿ, ಬದುವನ್ನೇ ಇಬ್ಬರ ದಾರಿ ಮಾಡಿದ. ಇನ್ನೊಬ್ಬಳ ಅಜ್ಜಿ ಸಸಿಗಳನ್ನು ವಾಪಸ್ ಮಾರಲು ಹೋಗಿ ನಷ್ಟ ಮಾಡಿಕೊಂಡಳು, ಎಷ್ಟು ಎಂಬುದನ್ನು ಪೈಸೆ ಸಮೇತ ಬರೆದಿದ್ದಳು.

ಮೊದಲ ಪ್ರತಿಯ ಮೇಲೆ ಕೆಂಪು ಪೆನ್ನು ಆಡಿಸಬೇಡಿ. ಒತ್ತಕ್ಷರ ಎರಡನೇ ಪ್ರತಿಯಲ್ಲಿ ತಿದ್ದೋಣ. ಬರೆಯಲು ಕಷ್ಟಪಡುವವರು ಹೇಳಲಿ, ಪಕ್ಕದವರು ಬರೆದುಕೊಳ್ಳಲಿ. ಅಂಕ ಕೊಡಲೇಬೇಕಿದ್ದರೆ ನಕ್ಷೆಗೆ, ಕಾರಣಕ್ಕೆ ಕೊಡಿ. ಕಥೆಗೆ ಅಂಕ ಇಟ್ಟರೆ ಮುಂದಿನ ಸಲ ಎಲ್ಲರೂ ಒಂದೇ ಕಥೆ ಬರೆಯುತ್ತಾರೆ.

ಬಲಿತ ಕಾಯಿಯನ್ನು ಮಾತ್ರ ಒಡೆಯಬೇಡಿ, ಸುಲಿಯಲೂಬೇಡಿ. ಕಾಯಿ ಅಟ್ಟದಲ್ಲಿ ಕೊಬ್ಬರಿಯಾಗಲು 10–12 ತಿಂಗಳು ಬೇಕು. ಸಿಪ್ಪೆಯ ಮೇಲೆ ತಾರೀಖು ಬರೆದು ಕಪಾಟಿನ ಮೇಲೆ ಇಡಿ. ಮುಂದಿನ ವರ್ಷ ಆರನೇ ತರಗತಿಗೆ ಬರುವವರು ಮೊದಲ ದಿನ ಅದನ್ನು ಅಲ್ಲಾಡಿಸಿ ನೋಡಲಿ.