ಕ್ವೆರಿ ಓಡಿತು, ಲೆಕ್ಕ ತಪ್ಪಿತು

ಡೇಟಾಬೇಸ್‌ಗೆ ಎಸ್‌ಕ್ಯೂಎಲ್ ಭಾಷೆಯಲ್ಲಿ ಕೇಳುವ ಪ್ರಶ್ನೆಯೇ ಕ್ವೆರಿ. ಎರರ್ ಕೊಡುವ ಕ್ವೆರಿಗೆ ನಾನು ಹೆದರುವುದಿಲ್ಲ. ಯಾವ ಸಾಲಿನ ಹತ್ತಿರ ಎಡವಟ್ಟಾಗಿದೆ ಅಂತ ಅದೇ ಹೇಳುತ್ತದೆ. ಸದ್ದಿಲ್ಲದೆ ಓಡಿ ತಪ್ಪು ಉತ್ತರ ಕೊಡುತ್ತದಲ್ಲ, ತಲೆನೋವು ಅದರದ್ದೇ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ತಿಂಗಳ ಪೇಮೆಂಟ್ ರಿಪೋರ್ಟ್ ಮಾಡಿಕೊಟ್ಟಿದ್ದೆ. ಲೆಕ್ಕ ನೋಡುವವರು "ಇಷ್ಟೊಂದು ದುಡ್ಡು ಎಲ್ಲಿದೆ, ಸ್ವಲ್ಪ ತೋರಿಸಿ" ಅಂದಾಗಲೇ ಗೊತ್ತಾಗಿದ್ದು. ಆರ್ಡರ್ ಟೇಬಲ್‌ಗೆ ಐಟಂ ಟೇಬಲನ್ನೂ ಪೇಮೆಂಟ್ ಟೇಬಲನ್ನೂ ಒಂದೇ ಕ್ವೆರಿಯಲ್ಲಿ ಜಾಯಿನ್ ಮಾಡಿದ್ದೆ, ಅಂದರೆ ಒಂದೇ ಆರ್ಡರ್ ಐಡಿಯ ಸಾಲುಗಳನ್ನು ಜೋಡಿಸಿದ್ದೆ. ಒಂದು ಆರ್ಡರ್‌ಗೆ 3 ಐಟಂ, 2 ಪೇಮೆಂಟ್ ಇದ್ದರೆ ಪ್ರತಿ ಐಟಂ ಪ್ರತಿ ಪೇಮೆಂಟ್ ಜೊತೆ ಜೋಡಿಯಾಗಿ ಬರುವುದು 5 ಸಾಲಲ್ಲ, 6. ಪ್ರತಿ ಪೇಮೆಂಟೂ ಮೂರು ಸಲ ಬರುತ್ತದೆ. ಸಮ್ ಹಾಕಿ ಕೂಡಿಸಿದರೆ ಮೂರು ಪಟ್ಟು!

ಇದಕ್ಕೆ ಡಿಸ್ಟಿಂಕ್ಟ್ (ಒಂದೇ ಥರದ್ದನ್ನು ಒಂದೇ ಸಲ ತೆಗೆದುಕೊಳ್ಳುವುದು) ಮದ್ದಲ್ಲ. ನಾನೂ ಮೊದಲು ಅದನ್ನೇ ಹಚ್ಚಿ ನೋಡಿದೆ. ಯಾರೋ 500, 500 ಅಂತ ಎರಡು ಕಂತು ಕಟ್ಟಿದ್ದರೆ ಸಮ್ ಒಳಗಿನ ಡಿಸ್ಟಿಂಕ್ಟ್ ಒಂದನ್ನು ನುಂಗಿಬಿಡುತ್ತದೆ. ಆಗ ಲೆಕ್ಕ ಇನ್ನೊಂದು ಕಡೆಗೆ ತಪ್ಪುತ್ತದೆ, ಅಷ್ಟೇ. ಪೇಮೆಂಟನ್ನು ಮೊದಲೇ ಒಂದು ಸಬ್‌ಕ್ವೆರಿಯಲ್ಲಿ (ಕ್ವೆರಿಯೊಳಗಿನ ಕ್ವೆರಿ) ಆರ್ಡರ್ ಐಡಿ ಮೇಲೆ ಗ್ರೂಪ್ ಬೈ ಮಾಡಿ ಕೂಡಿಸಿ, ಆರ್ಡರ್‌ಗೆ ಒಂದೇ ಸಾಲು ಮಾಡಿಕೊಳ್ಳಿ. ಐಟಂಗಳಿಗೂ ಹಾಗೇ. ಜಾಯಿನ್ ಆಮೇಲೆ.

ಎಲ್ಲಿ ತಪ್ಪಿದೆ ಅಂತ ಹುಡುಕುವುದು ಹೇಗೆ? ನಾನು ಮಾಡುವುದು ಇಷ್ಟು. ಒಂದೇ ಒಂದು ಆರ್ಡರ್ ಐಡಿ ಹಿಡಿಯುತ್ತೇನೆ. ಸಮ್, ಗ್ರೂಪ್ ಬೈ ಎಲ್ಲ ತೆಗೆದು ಎಲ್ಲ ಕಾಲಂ ತೋರಿಸುವ ಸೆಲೆಕ್ಟ್ ಸ್ಟಾರ್ ಹಾಕುತ್ತೇನೆ. ಒಂದೊಂದೇ ಜಾಯಿನ್ ಸೇರಿಸುತ್ತಾ, ಪ್ರತಿ ಸಲ ಓಡಿಸಿ, ಕಣ್ಣಾರೆ ಸಾಲು ಎಣಿಸುತ್ತೇನೆ. ಯಾವ ಜಾಯಿನ್ ಸೇರಿಸಿದಾಗ ಸಾಲು ಉಬ್ಬಿತೋ ಕಳ್ಳ ಅಲ್ಲೇ ಇದ್ದಾನೆ.

ಕೆಲವೊಮ್ಮೆ ಉಬ್ಬುವ ಬದಲು ಸಾಲು ಮಾಯವಾಗುತ್ತದೆ. ಗ್ರಾಹಕರೆಲ್ಲರೂ ಬೇಕು ಅಂತ ಲೆಫ್ಟ್ ಜಾಯಿನ್ (ಜೋಡಿ ಸಿಗದಿದ್ದರೂ ಮೊದಲ ಟೇಬಲ್‌ನ ಸಾಲು ಉಳಿಸುವಂಥದ್ದು) ಹಾಕಿರುತ್ತೀರಿ. ಕೆಳಗೆ ಸಾಲು ಸೋಸುವ ವೇರ್‌ನಲ್ಲಿ ಆರ್ಡರ್‌ನ ಸ್ಟೇಟಸ್ 'ಪೇಯ್ಡ್' ಅಂತ ಬರೆದಿರುತ್ತೀರಿ. ಆರ್ಡರೇ ಇಲ್ಲದ ಗ್ರಾಹಕರ ಸಾಲಿನಲ್ಲಿ ಸ್ಟೇಟಸ್ ಜಾಗದಲ್ಲಿ ಏನೂ ಇರದೆ ನಲ್ ಇರುತ್ತದೆ, ಅಲ್ವಾ? ಆ ಸಾಲು ವೇರ್ ದಾಟುವುದೇ ಇಲ್ಲ. ಲೆಫ್ಟ್ ಅಂತ ಹೆಸರಿಗಷ್ಟೇ, ಕೆಲಸ ಜೋಡಿ ಸಿಕ್ಕ ಸಾಲನ್ನಷ್ಟೇ ಉಳಿಸುವ ಇನ್ನರ್ ಜಾಯಿನ್‌ದು. ಆ ಷರತ್ತನ್ನು ವೇರ್‌ನಿಂದ ಎತ್ತಿ, ಜಾಯಿನ್‌ನ ಷರತ್ತು ಬರೆಯುವ ಆನ್ ಪಕ್ಕಕ್ಕೆ ಹಾಕಿ.

ನಲ್ ಅಂದರೆ ಸೊನ್ನೆಯಲ್ಲ, 'ಗೊತ್ತಿಲ್ಲ' ಅಂತ. ಗೊತ್ತಿಲ್ಲದ ಎರಡು ವಿಷಯ ಒಂದೇನಾ ಅಂತ ಕೇಳಿದರೂ ಉತ್ತರ 'ಗೊತ್ತಿಲ್ಲ'. ಅದಕ್ಕೇ ನಲ್ ಹುಡುಕುವಾಗ ಈಕ್ವಲ್ಸ್ (=) ಬೇಡ, ಈಸ್ ನಲ್ ಬರೆಯಿರಿ. (ಒರಾಕಲ್ ಡೇಟಾಬೇಸ್ ಮಾತ್ರ ಒಂದಕ್ಷರವೂ ಇಲ್ಲದ ಖಾಲಿ ಸ್ಟ್ರಿಂಗನ್ನೂ ನಲ್ ಅಂತಲೇ ಎಣಿಸುತ್ತದೆ. ಅದರ ದಾರಿಯೇ ಬೇರೆ.) ಎಲ್ಲಕ್ಕಿಂತ ಕೆಟ್ಟದ್ದು ನಾಟ್ ಇನ್, ಅಂದರೆ 'ಈ ಪಟ್ಟಿಯಲ್ಲಿ ಇಲ್ಲದವು' ಅಂತ ಕೇಳುವುದು. ಒಳಗಿನ ಸಬ್‌ಕ್ವೆರಿಯಲ್ಲಿ ಒಂದೇ ಒಂದು ನಲ್ ನುಸುಳಿದರೂ ಒಂದು ಸಾಲೂ ಬರುವುದಿಲ್ಲ. ನಾನಂತೂ ಸಬ್‌ಕ್ವೆರಿ ಜೊತೆ ನಾಟ್ ಇನ್ ಬಿಟ್ಟೇಬಿಟ್ಟೆ. 'ಹೊಂದುವ ಸಾಲೇ ಇಲ್ಲದವು' ಅಂತ ಕೇಳುವ ನಾಟ್ ಎಕ್ಸಿಸ್ಟ್ಸ್ ಬಳಸುತ್ತೇನೆ.

ತಾರೀಖಿನದ್ದೂ ಒಂದು ಕಾಟ ಇದೆ. ಕಾಲಂನಲ್ಲಿ ಗಂಟೆ ನಿಮಿಷವೂ ಇದ್ದಾಗ ಬಿಟ್ವೀನ್ (ಇಲ್ಲಿಂದ ಇಲ್ಲಿವರೆಗೆ) ಜನವರಿ 1, ಜನವರಿ 31 ಅಂತ ಬರೆದರೆ, 31ರ ದಿನ ಶುರುವಾಗುವ ಹೊತ್ತಿಗೇ ಎಣಿಕೆ ನಿಲ್ಲುತ್ತದೆ. ಆ ದಿನದ ವ್ಯವಹಾರ ಪೂರ್ತಿ ಹೋಯಿತು. ಜನವರಿ 1 ಅಥವಾ ಅದರ ನಂತರ, ಫೆಬ್ರವರಿ 1ಕ್ಕಿಂತ ಮುಂಚೆ ಅಂತ ಎರಡು ಷರತ್ತು ಬರೆಯಿರಿ. ಸುಮ್ನೆ ಕಾಲಂಗೆ ತಿಂಗಳು ತೆಗೆದುಕೊಡುವ ಮಂತ್ ಫಂಕ್ಷನ್ ಸುತ್ತಬೇಡಿ. ಸುತ್ತಿದರೆ ಆ ಕಾಲಂ ಮೇಲಿನ ಸಾಮಾನ್ಯ ಇಂಡೆಕ್ಸ್ (ಬೇಗ ಹುಡುಕಲು ಇಟ್ಟ ಸೂಚಿ) ಉಪಯೋಗಕ್ಕೆ ಬರದೆ, ದೊಡ್ಡ ಟೇಬಲ್‌ನಲ್ಲಿ ಕ್ವೆರಿ ತೆವಳುತ್ತದೆ.

ವೇರ್‌ನಲ್ಲಿ ಆಂಡ್ (ಮತ್ತು), ಆರ್ (ಅಥವಾ) ಎರಡೂ ಒಟ್ಟಿಗೆ ಬಂದರೆ ಆಂಡ್ ಮೊದಲು ನಡೆಯುತ್ತದೆ. ಕಂಸ ಹಾಕಿಬಿಡಿ, ನೆನಪಿಟ್ಟುಕೊಳ್ಳುವ ಗೋಜೇ ಬೇಡ.

ಡಿಲೀಟ್ ಬರೆಯುವಾಗಲೂ ನನ್ನದು ಅದೇ ಎಣಿಕೆ. ಮೊದಲು ಅದೇ ವೇರ್ ಇಟ್ಟು, ಸಾಲು ಎಣಿಸುವ ಸೆಲೆಕ್ಟ್ ಕೌಂಟ್ ಓಡಿಸುತ್ತೇನೆ. 12 ಸಾಲು ಬರಬೇಕಾದ ಕಡೆ 12,000 ಬಂದರೆ, ಎದ್ದು ಒಂದು ಲೋಟ ನೀರು ಕುಡಿದು ಬಂದು ವೇರ್ ಓದುತ್ತೇನೆ.