ಗ್ರಾಹಕ ಕಂಪನಿಯ ಅಧ್ಯಯನಕ್ಕೆ ಎಐ ಸಹಾಯಕ: ಆರಂಭಿಸುವ ಬಗೆ

ಪೀಣ್ಯ, ಬೊಮ್ಮಸಂದ್ರ ಅಥವಾ ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಬಿಡಿಭಾಗ ತಯಾರಿಸಿ ದೊಡ್ಡ ಕಂಪನಿಗಳಿಗೆ ಪೂರೈಸುವ ಸಣ್ಣ ಘಟಕಗಳಲ್ಲಿ ಗ್ರಾಹಕರ ಅಧ್ಯಯನಕ್ಕೆಂದೇ ಒಂದು ತಂಡ ಇರುವುದು ಅಪರೂಪ. ಕೊಟೇಶನ್ ಸಿದ್ಧಪಡಿಸುವವರೇ ಗ್ರಾಹಕರನ್ನು ಕಾಣಲು ಹೋಗುತ್ತಾರೆ, ಬಾಕಿ ವಸೂಲಿಯನ್ನೂ ಅವರೇ ನೋಡಿಕೊಳ್ಳುತ್ತಾರೆ. ಹೀಗಾಗಿ ಹೊಸ ಕಂಪನಿಯೊಂದರ ಪರ್ಚೇಸ್ ವಿಭಾಗದ ಬಾಗಿಲು ತಟ್ಟುವ ಮುನ್ನ ಆ ಕಂಪನಿಯ ಬಗ್ಗೆ ಓದಿಕೊಳ್ಳುವ ಕೆಲಸ ಹಿಂದಿನ ರಾತ್ರಿಗೆ ಉಳಿಯುತ್ತದೆ. ಬಹಳ ಸಲ ಅದೂ ಆಗುವುದಿಲ್ಲ. ಚಾಟ್‌ಜಿಪಿಟಿ, ಕ್ಲಾಡ್, ಜೆಮಿನಿ ಮೊದಲಾದ ಎಐ ಸಹಾಯಕಗಳು ಈ ಓದಿನ ಹೊರೆಯನ್ನು ಬಹುಮಟ್ಟಿಗೆ ಇಳಿಸಬಲ್ಲವು. ಆದರೆ ಆ ಸಹಾಯಕಕ್ಕೆ ಏನು ಗೊತ್ತಿದೆ ಎಂದು ಕೇಳುತ್ತಾ ಕೂರದೆ, ದಾಖಲೆಯನ್ನು ನಾವೇ ಕೈಗಿತ್ತು ಓದಿಸುವುದು ಮೊದಲ ದಿನದಿಂದಲೇ ರೂಢಿಯಾಗಬೇಕು.

ಇದಕ್ಕೆ ಕಾರಣವನ್ನು ಒಂದು ಹೆಸರಿನಿಂದಲೇ ತಿಳಿಯಬಹುದು. ಬೆಂಗಳೂರಿನಲ್ಲಿ ಮೋಟಾರು, ಆಲ್ಟರ್ನೇಟರ್ ತಯಾರಿಸುವ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಇದೆ. ಕೊಪ್ಪಳ ಜಿಲ್ಲೆಯ ಬೇವಿನಹಳ್ಳಿಯಲ್ಲಿ ಬೀಡುಕಬ್ಬಿಣ ಮತ್ತು ಎರಕದ ಭಾಗಗಳನ್ನು ತಯಾರಿಸುವ ಕಿರ್ಲೋಸ್ಕರ್ ಫೆರಸ್‌ನ ಕಾರ್ಖಾನೆ ಇದೆ. ಬಿಡದಿಯಲ್ಲಿ ಟೊಯೋಟ ಕಿರ್ಲೋಸ್ಕರ್ ಮೋಟಾರ್ ಇದೆ. ಪುಣೆಯಲ್ಲಿ ಪಂಪುಗಳ ಕಿರ್ಲೋಸ್ಕರ್ ಬ್ರದರ್ಸ್ ಮತ್ತು ಎಂಜಿನ್‌ಗಳ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಇವೆ. ಇವೆಲ್ಲವೂ ಬೇರೆ ಬೇರೆ ಕಂಪನಿಗಳು. ಅವುಗಳ ಲೆಕ್ಕಪತ್ರವೂ ಬೇರೆ, ಖರೀದಿ ನಿರ್ಧರಿಸುವವರೂ ಬೇರೆ. ಬರೀ ‘ಕಿರ್ಲೋಸ್ಕರ್ ಕಂಪನಿಯ ವಿಸ್ತರಣಾ ಯೋಜನೆ ಏನು’ ಎಂದು ಕೇಳಿದರೆ ಒಂದರ ವಹಿವಾಟಿಗೆ ಇನ್ನೊಂದರ ಕಾರ್ಖಾನೆಯನ್ನು ಜೋಡಿಸಿದ ಉತ್ತರ ಬರುವ ಸಾಧ್ಯತೆ ಇದ್ದೇ ಇದೆ. ಆ ಉತ್ತರದ ಭಾಷೆ ಎಷ್ಟು ಒಪ್ಪವಾಗಿರುತ್ತದೆಂದರೆ ತಪ್ಪಿರಬಹುದೆಂಬ ಅನುಮಾನವೇ ಹುಟ್ಟುವುದಿಲ್ಲ.

ಆದ್ದರಿಂದ ಮೊದಲ ಹೆಜ್ಜೆ ಕಂಪನಿಯ ಗುರುತನ್ನು ಖಚಿತಪಡಿಸಿಕೊಳ್ಳುವುದು. ಭಾರತದಲ್ಲಿ ನೋಂದಾಯಿತವಾದ ಪ್ರತಿ ಕಂಪನಿಗೂ 21 ಅಕ್ಷರ ಮತ್ತು ಅಂಕಿಗಳ ಸಿಐಎನ್ ಎಂಬ ಗುರುತಿನ ಸಂಖ್ಯೆ ಇರುತ್ತದೆ. ಅದರ ಮೊದಲ ಅಕ್ಷರ ‘ಎಲ್’ ಆಗಿದ್ದರೆ ಷೇರುಪೇಟೆಯಲ್ಲಿ ಪಟ್ಟಿಯಾದ ಕಂಪನಿ, ‘ಯು’ ಆಗಿದ್ದರೆ ಪಟ್ಟಿಯಾಗದ್ದು. ನಡುವೆ ರಾಜ್ಯದ ಸಂಕೇತವೂ ನೋಂದಣಿಯಾದ ವರ್ಷವೂ ಬರುತ್ತವೆ. ಕಂಪನಿಯ ಲೆಟರ್‌ಹೆಡ್‌ನಲ್ಲಿ, ವಾರ್ಷಿಕ ವರದಿಯಲ್ಲಿ ಈ ಸಂಖ್ಯೆ ಸಿಗುತ್ತದೆ. ಸಹಾಯಕದೊಂದಿಗೆ ಮಾತು ಆರಂಭಿಸುವಾಗ ಪೂರ್ಣ ಹೆಸರು ಮತ್ತು ಸಿಐಎನ್ ಎರಡನ್ನೂ ಬರೆದು, ಈ ಕಂಪನಿಯನ್ನು ಬಿಟ್ಟು ಅದೇ ಸಮೂಹದ ಇತರ ಕಂಪನಿಗಳ ಮಾಹಿತಿಯನ್ನು ಸೇರಿಸಬಾರದೆಂದು ಸ್ಪಷ್ಟವಾಗಿ ಹೇಳಬೇಕು.

ಎರಡನೆಯದು ದಾಖಲೆಗಳ ಸಂಗ್ರಹ. ಪಟ್ಟಿಯಾದ ಕಂಪನಿಯಾದರೆ ಬಿಎಸ್‌ಇ ಅಥವಾ ಎನ್‌ಎಸ್‌ಇ ಷೇರುಪೇಟೆಯ ಜಾಲತಾಣದಿಂದ ಇತ್ತೀಚಿನ ವಾರ್ಷಿಕ ವರದಿಯನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ಹಣಕಾಸು ವಿಶ್ಲೇಷಕರೊಂದಿಗೆ ಕಂಪನಿ ತ್ರೈಮಾಸಿಕ ಫಲಿತಾಂಶದ ಕುರಿತು ಪ್ರಶ್ನೋತ್ತರದ ಕರೆ (ಅರ್ನಿಂಗ್ಸ್ ಕಾಲ್) ನಡೆಸಿದ್ದರೆ, ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ನಿಯಮದಂತೆ ಅದರ ಲಿಖಿತ ಪ್ರತಿಯನ್ನು 5 ಕೆಲಸದ ದಿನಗಳೊಳಗೆ ಪ್ರಕಟಿಸಬೇಕು. ನನ್ನ ಅಭಿಪ್ರಾಯದಲ್ಲಿ ಮಾರಾಟಗಾರರಿಗೆ ವಾರ್ಷಿಕ ವರದಿಗಿಂತ ಈ ಪ್ರತಿಯೇ ಹೆಚ್ಚು ಉಪಯುಕ್ತ. ವರದಿಯ ಮುನ್ನುಡಿಯಲ್ಲಿ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಯಾವ ಉತ್ಪಾದನಾ ಲೈನ್ ತಡವಾಗಿದೆ, ಯಾವ ಕಚ್ಚಾವಸ್ತುವಿನ ಬೆಲೆ ಕಾಡುತ್ತಿದೆ ಎಂಬುದು ವಿಶ್ಲೇಷಕರ ಪ್ರಶ್ನೆಗಳಿಗೆ ಉತ್ತರಿಸುವಾಗ ಹೊರಬೀಳುತ್ತದೆ. ಪಟ್ಟಿಯಾಗದ ಕಂಪನಿಗಳ ವಿಷಯದಲ್ಲಿ ಇಷ್ಟು ಸಾಮಗ್ರಿ ಸಿಗದು. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಎಂಸಿಎ ಜಾಲತಾಣದಲ್ಲಿ ಒಂದು ಕಂಪನಿಗೆ 100 ರೂಪಾಯಿ ಶುಲ್ಕ ಕಟ್ಟಿ ಅದರ ಲೆಕ್ಕಪತ್ರ ಮತ್ತು ವಾರ್ಷಿಕ ವಿವರಪಟ್ಟಿಯನ್ನು (ಆನ್ಯುಯಲ್ ರಿಟರ್ನ್) ನೋಡಬಹುದು. ಆರಂಭಕ್ಕೆ ಅದು ಸಾಕು.

ಇನ್ನು ಪ್ರಶ್ನೆ ಕೇಳುವ ರೀತಿ. ‘ಈ ಕಂಪನಿಯ ಬಗ್ಗೆ ತಿಳಿಸಿ’ ಎಂದರೆ ಸ್ಥಾಪನೆಯ ವರ್ಷದಿಂದ ಆರಂಭವಾಗುವ ಪರಿಚಯ ಲೇಖನ ಬರುತ್ತದೆ, ಅದರಿಂದ ಒಂದು ಪರ್ಚೇಸ್ ಆರ್ಡರ್ ಕೂಡ ಹುಟ್ಟದು. ನಿಮ್ಮ ಘಟಕ ಏನು ಮಾಡುತ್ತದೆ, ಉತ್ತರದಿಂದ ನೀವು ಏನನ್ನು ನಿರ್ಧರಿಸಬೇಕಿದೆ ಎಂಬುದು ಪ್ರಶ್ನೆಯೊಳಗೇ ಇರಬೇಕು. ಉದಾಹರಣೆಗೆ, ವರದಿಯನ್ನು ಲಗತ್ತಿಸಿ ಹೀಗೆ ಬರೆಯಬಹುದು:

‘ನಮ್ಮದು ಎರಕದ ಭಾಗಗಳಿಗೆ ಸಿಎನ್‌ಸಿ ಮಶೀನಿಂಗ್ ಮಾಡಿಕೊಡುವ ಸಣ್ಣ ಘಟಕ. ಲಗತ್ತಿಸಿದ ವಾರ್ಷಿಕ ವರದಿಯಲ್ಲಿ ಇರುವುದನ್ನು ಮಾತ್ರ ಆಧರಿಸಿ ಉತ್ತರಿಸಿ. ಮುಂದಿನ ಎರಡು ವರ್ಷಗಳಲ್ಲಿ ಈ ಕಂಪನಿ ಎಲ್ಲಿ, ಯಾವ ಉತ್ಪಾದನಾ ಸಾಮರ್ಥ್ಯವನ್ನು ಹೆಚ್ಚಿಸಲಿದೆ? ಮಶೀನಿಂಗ್ ಕೆಲಸವನ್ನು ಹೊರಗೆ ಕೊಡುತ್ತಿರುವ ಸೂಚನೆ ಇದೆಯೇ? ಪ್ರತಿ ಅಂಶಕ್ಕೂ ಪುಟಸಂಖ್ಯೆ ಮತ್ತು ವರದಿಯ ಮೂಲ ವಾಕ್ಯವನ್ನು ಇಂಗ್ಲಿಷಿನಲ್ಲೇ ಕೊಡಿ, ವಿವರಣೆಯನ್ನು ಕನ್ನಡದಲ್ಲಿ ಬರೆಯಿರಿ. ವರದಿಯಲ್ಲಿ ಇಲ್ಲದಿದ್ದರೆ ಇಲ್ಲ ಎಂದು ಹೇಳಿ.’

ಕೊನೆಯ ವಾಕ್ಯವನ್ನು ಬಿಡಬೇಡಿ. ‘ಇಲ್ಲ’ ಎನ್ನಲು ಅನುಮತಿ ಕೊಟ್ಟಾಗ ಈ ಸಾಧನಗಳು ಊಹೆಯಿಂದ ಖಾಲಿ ಜಾಗ ತುಂಬುವುದು ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ.

ಸಣ್ಣ ಪೂರೈಕೆದಾರರು ಆರ್ಡರ್ ಸಿಗುತ್ತದೆಯೇ ಎಂದು ಯೋಚಿಸುವಷ್ಟೇ ಹಣ ಯಾವಾಗ ಬರುತ್ತದೆ ಎಂದೂ ಯೋಚಿಸಬೇಕಾಗುತ್ತದೆ, ಸಹಾಯಕ ನಿಜಕ್ಕೂ ಉಪಯೋಗಕ್ಕೆ ಬರುವುದೂ ಇಲ್ಲೇ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕಂಪನಿ ಕಾಯ್ದೆಯ 3ನೇ ಅನುಸೂಚಿಯ ತಿದ್ದುಪಡಿಯ ಪ್ರಕಾರ, ಪೂರೈಕೆದಾರರಿಗೆ ಕೊಡಬೇಕಾದ ಬಾಕಿ ಎಷ್ಟು ಹಳೆಯದೆಂಬ ಪಟ್ಟಿಯನ್ನು ಕಂಪನಿಗಳು ಲೆಕ್ಕಪತ್ರದ ಟಿಪ್ಪಣಿಗಳಲ್ಲಿ ಕೊಡಬೇಕು. ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮ) ಪೂರೈಕೆದಾರರ ಬಾಕಿ ಒಂದು ಸಾಲಿನಲ್ಲಿ, ಇತರರದು ಇನ್ನೊಂದರಲ್ಲಿ, ವಿವಾದದಲ್ಲಿರುವುದು ಪ್ರತ್ಯೇಕವಾಗಿ ಇರುತ್ತದೆ. ವಿವಾದದ ಸಾಲಿನಲ್ಲಿ ವರ್ಷದಿಂದ ವರ್ಷಕ್ಕೆ ಮೊತ್ತ ಏರುತ್ತಿದ್ದರೆ ಎಚ್ಚರಿಕೆ ಬೇಕು. ಈ ಪಟ್ಟಿಗೆ ಒಂದು ಮಿತಿಯೂ ಇದೆ: ಒಂದು ವರ್ಷಕ್ಕಿಂತ ಕಡಿಮೆ ಅವಧಿಯ ಬಾಕಿಯೆಲ್ಲ ಒಂದೇ ಅಂಕಣದಲ್ಲಿ ಸೇರುವುದರಿಂದ, 40 ದಿನಕ್ಕೆ ಹಣ ಕೊಡುವ ಕಂಪನಿಗೂ 140 ದಿನ ಸತಾಯಿಸುವ ಕಂಪನಿಗೂ ಅಲ್ಲಿ ವ್ಯತ್ಯಾಸ ಕಾಣದು.

ಅದಕ್ಕಾಗಿ ಇನ್ನೊಂದು ಟಿಪ್ಪಣಿಯನ್ನು ಹುಡುಕಿಸಬೇಕು. 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಸೂಕ್ಷ್ಮ ಮತ್ತು ಸಣ್ಣ ಪೂರೈಕೆದಾರರಿಗೆ, ಲಿಖಿತ ಒಪ್ಪಂದವಿದ್ದರೂ, 45 ದಿನ ಮೀರದಂತೆ ಹಣ ಪಾವತಿಸಬೇಕು. ಮೀರಿದರೆ ಬಡ್ಡಿ ಕೊಡಬೇಕು, ಆ ಬಡ್ಡಿಯ ವಿವರವನ್ನು ವಾರ್ಷಿಕ ಲೆಕ್ಕಪತ್ರದಲ್ಲಿ ತೋರಿಸಬೇಕು. ‘ತಡವಾದ ಪಾವತಿಗೆ ಬಡ್ಡಿ ಎಷ್ಟು ಬಾಕಿ ಇದೆ, ಹಿಂದಿನ ವರ್ಷ ಎಷ್ಟಿತ್ತು’ ಎಂದು ಕೇಳಿ. ಜೊತೆಗೆ ವರ್ಷಾಂತ್ಯದ ಪೂರೈಕೆದಾರರ ಬಾಕಿಯನ್ನು ವರ್ಷದ ಖರೀದಿಯಿಂದ ಭಾಗಿಸಿ 365ರಿಂದ ಗುಣಿಸಲು ಹೇಳಿದರೆ, ಸರಾಸರಿ ಎಷ್ಟು ದಿನಕ್ಕೆ ಹಣ ಬಿಡುಗಡೆಯಾಗುತ್ತಿದೆ ಎಂಬ ಸ್ಥೂಲ ಅಂದಾಜು ಸಿಗುತ್ತದೆ. ಕೊಟೇಶನ್‌ನಲ್ಲಿ ಎಷ್ಟು ದಿನಗಳ ಕ್ರೆಡಿಟ್ ನಮೂದಿಸಬೇಕು, ಮುಂಗಡ ಕೇಳಬೇಕೇ ಎಂಬುದನ್ನು ಈ ಅಂಕಿ ನೋಡಿಕೊಂಡು ತೀರ್ಮಾನಿಸಬಹುದು.

ಬಂದ ಉತ್ತರವನ್ನು ಪರಿಶೀಲಿಸುವಾಗ ಕೆಲವು ತಪ್ಪುಗಳು ಮತ್ತೆ ಮತ್ತೆ ಕಾಣುತ್ತವೆ. ಕಂಪನಿಯದಷ್ಟೇ ಲೆಕ್ಕ ಮತ್ತು ಅಂಗಸಂಸ್ಥೆಗಳನ್ನೂ ಸೇರಿಸಿದ ಕ್ರೋಡೀಕೃತ ಲೆಕ್ಕ ಎರಡೂ ಒಂದೇ ವರದಿಯಲ್ಲಿ ಇರುವುದರಿಂದ ಒಂದರ ಅಂಕಿ ಇನ್ನೊಂದಕ್ಕೆ ಬಂದು ಕೂರುತ್ತದೆ. ಕೆಲವು ಕಂಪನಿಗಳು ಲಕ್ಷದಲ್ಲಿ, ಕೆಲವು ಕೋಟಿಯಲ್ಲಿ, ಕೆಲವು ಮಿಲಿಯನ್‌ನಲ್ಲಿ ಲೆಕ್ಕ ಕೊಡುತ್ತವೆ. ಪಟ್ಟಿಯ ತಲೆಯ ಮೇಲೆ ಸಣ್ಣ ಅಕ್ಷರದಲ್ಲಿರುವ ಆ ಸೂಚನೆ ತಪ್ಪಿದರೆ ಮೊತ್ತ ನೂರು ಪಟ್ಟು ಹಿಗ್ಗಬಹುದು ಅಥವಾ ಕುಗ್ಗಬಹುದು. ಪುಟಸಂಖ್ಯೆಯೂ ತೊಡಕಿನದೇ. ವರದಿಯಲ್ಲಿ ಅಚ್ಚಾದ ಸಂಖ್ಯೆಗೂ ಪಿಡಿಎಫ್ ತೋರಿಸುವ ಸಂಖ್ಯೆಗೂ ವ್ಯತ್ಯಾಸವಿರುವುದರಿಂದ, ಹೇಳಿದ ಪುಟದಲ್ಲಿ ವಾಕ್ಯ ಕಾಣಲಿಲ್ಲವೆಂದು ಕೂಡಲೇ ತಳ್ಳಿಹಾಕಬೇಡಿ, ಆ ವಾಕ್ಯವನ್ನೇ ಪಿಡಿಎಫ್‌ನಲ್ಲಿ ಹುಡುಕಿ ನೋಡಿ. ಆಗಲೂ ಸಿಗದಿದ್ದರೆ ಆ ಅಂಶವನ್ನು ಕೈಬಿಡಿ. ಭೇಟಿಯಲ್ಲಿ ಬಾಯಿಬಿಟ್ಟು ಹೇಳಲಿರುವ ಪ್ರತಿ ಅಂಕಿಯನ್ನೂ ಮೂಲದಲ್ಲಿ ಕಣ್ಣಾರೆ ನೋಡಿರಲೇಬೇಕು. ಉಳಿದವುಗಳಿಗೆ ಅಷ್ಟು ಶ್ರಮ ಬೇಕಿಲ್ಲ.

ಏನನ್ನು ಕೊಡಬಾರದು ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಿ. ಗ್ರಾಹಕರು ಗೋಪ್ಯತೆಯ ಒಪ್ಪಂದದಡಿ ಕೊಟ್ಟ ಡ್ರಾಯಿಂಗ್‌ಗಳು, ನಿಮ್ಮ ದರಪಟ್ಟಿ, ಪರ್ಚೇಸ್ ಅಧಿಕಾರಿಗಳ ಮೊಬೈಲ್ ಸಂಖ್ಯೆ ಇವು ಯಾವುವೂ ಸಹಾಯಕದ ಕಿಟಕಿಯೊಳಗೆ ಹೋಗಬಾರದು. ವ್ಯಕ್ತಿಗಳ ಮಾಹಿತಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇದೆ. ಹಲವು ಸೇವೆಗಳಲ್ಲಿ ನಮ್ಮ ಸಂಭಾಷಣೆಯನ್ನು ತರಬೇತಿಗೆ ಬಳಸದಂತೆ ತಡೆಯುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿ ಇರುತ್ತದೆ. ಖಾತೆ ತೆರೆದ ದಿನವೇ ಅದನ್ನು ನೋಡಿಕೊಳ್ಳುವುದು ಒಳ್ಳೆಯದು.

ಎಲ್ಲ ಉತ್ತರಗಳನ್ನೂ ಪರಿಶೀಲಿಸಿದ ಮೇಲೆ ಒಂದು ಪುಟದ ಟಿಪ್ಪಣಿ ಮಾಡಿಸಿ, ಅದರ ಕೊನೆಗೆ ಭೇಟಿಯಲ್ಲಿ ಕೇಳಬೇಕಾದ ಮೂರು ಪ್ರಶ್ನೆಗಳನ್ನು ನೀವೇ ಬರೆದುಕೊಳ್ಳಿ. ಸಹಾಯಕ ಬರೆದುಕೊಡುವ ಪ್ರಶ್ನೆಗಳು ‘ನಿಮ್ಮ ದೂರದೃಷ್ಟಿಯ ಪಯಣದಲ್ಲಿ’ ಎಂಬ ಧಾಟಿಯಲ್ಲಿರುತ್ತವೆ, ಅವನ್ನು ಕೇಳಿದ ಪರ್ಚೇಸ್ ಅಧಿಕಾರಿ ಗಡಿಯಾರ ನೋಡಲಾರಂಭಿಸುತ್ತಾರೆ. ಹೊಸ ಲೈನ್ ಯಾವ ತಿಂಗಳು ಆರಂಭವಾಗುತ್ತದೆ, ಈಗಿನ ವೆಂಡರ್‌ಗಳಿಂದ ಯಾವ ಭಾಗ ತಡವಾಗುತ್ತಿದೆ ಎಂಬಂಥ ಪ್ರಶ್ನೆ ನಿಮ್ಮ ಶಾಪ್‌ಫ್ಲೋರ್ ಅನುಭವದಿಂದಲೇ ಬರಬೇಕು.

ಆರಂಭದಲ್ಲಿ ಒಂದೇ ಕಂಪನಿಯನ್ನು ಆರಿಸಿಕೊಳ್ಳಿ. ಈಗಾಗಲೇ ನಿಮ್ಮ ಗ್ರಾಹಕರಾಗಿರುವ, ನಿಮಗೆ ಚೆನ್ನಾಗಿ ಪರಿಚಯವಿರುವ ಕಂಪನಿಯಾದರೆ ಉತ್ತರದ ಗುಣಮಟ್ಟ ನಿಮಗೇ ಗೊತ್ತಾಗುತ್ತದೆ. ಪಟ್ಟಿಯಾದ ಕಂಪನಿಗಳು ತ್ರೈಮಾಸಿಕ ಫಲಿತಾಂಶವನ್ನು 45 ದಿನಗಳೊಳಗೆ, ವರ್ಷಾಂತ್ಯದ್ದನ್ನು 60 ದಿನಗಳೊಳಗೆ ಪ್ರಕಟಿಸಬೇಕಾದ್ದರಿಂದ, ಆಗಸ್ಟ್, ನವೆಂಬರ್ ಮತ್ತು ಫೆಬ್ರವರಿಯ ನಡುಭಾಗ ಹಾಗೂ ಮೇ ಕೊನೆ ಟಿಪ್ಪಣಿಯನ್ನು ನವೀಕರಿಸಲು ತಕ್ಕ ಸಮಯ. ಆಗ ಹಳೆಯ ಟಿಪ್ಪಣಿ ಮತ್ತು ಹೊಸ ಫಲಿತಾಂಶ ಎರಡನ್ನೂ ಲಗತ್ತಿಸಿ, ಏನು ಬದಲಾಗಿದೆ ಎಂಬುದನ್ನಷ್ಟೇ ಕೇಳಿದರೆ ಸಾಕು.