ಬಜೆಟ್‌ನಲ್ಲಿ ಮೂಲವಿಜ್ಞಾನಕ್ಕೆ ಎಷ್ಟು? ನೀವೇ ಲೆಕ್ಕ ಹಾಕಿ

ನಾನು ಪದವಿ ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ಭೌತಶಾಸ್ತ್ರ ಪಾಠ ಮಾಡಿದವಳು. ಫೆಬ್ರವರಿ ಒಂದನೇ ತಾರೀಕು ಬಂತೆಂದರೆ ಹಳೆಯ ವಿದ್ಯಾರ್ಥಿಗಳ ಫೋನ್ ಶುರು. "ಮೇಡಂ, ಈ ಸಲ ವಿಜ್ಞಾನಕ್ಕೆ ಜಾಸ್ತಿ ಕೊಟ್ಟಿದ್ದಾರಂತೆ, ಹೌದಾ?" ಟಿವಿಯಲ್ಲಿ ಬಂದ ಅಂಕಿಯನ್ನು ಸುಮ್ನೆ ನಂಬಬೇಡಿ. ಒಂದು ನೋಟ್‌ಬುಕ್ ಹಿಡಿದು ಅರ್ಧ ಗಂಟೆ ಕೂತರೆ ನಿಮಗೇ ಗೊತ್ತಾಗುತ್ತದೆ.

ಕೇಂದ್ರ ಬಜೆಟ್‌ನ ವೆಬ್‌ಸೈಟ್‌ನಲ್ಲಿ ಎಕ್ಸ್‌ಪೆಂಡಿಚರ್ ಬಜೆಟ್ ಅಂತ ಒಂದು ಭಾಗವಿದೆ. ಅದರಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ಸಚಿವಾಲಯ ಹುಡುಕಿ. ಅದರಡಿ ಮೂರು ಇಲಾಖೆಗಳಿವೆ. ಮೊದಲು ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, ಅಂದರೆ ಡಿಎಸ್‌ಟಿ ತೆಗೆಯಿರಿ. ಪುಟದಲ್ಲಿ ನಾಲ್ಕು ಕಾಲಂ ಕಾಣುತ್ತವೆ: ಎರಡು ವರ್ಷದ ಹಿಂದೆ ನಿಜವಾಗಿ ಖರ್ಚಾದದ್ದು, ಕಳೆದ ವರ್ಷ ಅಂದಾಜು ಮಾಡಿದ್ದು, ಆಮೇಲೆ ಅದನ್ನು ಪರಿಷ್ಕರಿಸಿದ್ದು, ಈ ವರ್ಷದ ಅಂದಾಜು. ಟಿವಿಯವರು ಓದುವುದು ಕೊನೆಯ ಕಾಲಂ ಮಾತ್ರ. ನೀವು ಮೊದಲನೆಯದನ್ನೂ ಬರೆದುಕೊಳ್ಳಿ. ಎರಡು ವರ್ಷ ಹಳೆಯ ಬಜೆಟ್ ತೆರೆದು, ಅದೇ ವರ್ಷಕ್ಕೆ ಎಷ್ಟು ಕೊಡುತ್ತೇವೆ ಎಂದಿದ್ದರೋ ಅದನ್ನು ಪಕ್ಕದಲ್ಲಿ ಬರೆಯಿರಿ. ಹೇಳಿದ್ದಕ್ಕೂ ಕೊಟ್ಟದ್ದಕ್ಕೂ ಇರುವ ಅಂತರ ಅಲ್ಲೇ ಸಿಗುತ್ತದೆ.

ಆ ಅಂತರ ಏನು ಮಾಡುತ್ತದೆ ಅಂತ ನಾನು ಹತ್ತಿರದಿಂದ ನೋಡಿದ್ದೇನೆ. ನನಗೆ ಒಮ್ಮೆ ಮೂರು ವರ್ಷದ ಸಣ್ಣ ಪ್ರಾಜೆಕ್ಟ್ ಸಿಕ್ಕಿತ್ತು. ಎರಡನೇ ವರ್ಷದ ಕಂತು ಬಂದದ್ದು ಮಾರ್ಚ್ ಹದಿನೇಳಕ್ಕೆ. ಮೂವತ್ತೊಂದರೊಳಗೆ ಖರ್ಚು ಮಾಡಿ ಯುಟಿಲೈಸೇಷನ್ ಸರ್ಟಿಫಿಕೇಟ್ (ಹಣ ಬಳಸಿದ್ದಕ್ಕೆ ಪ್ರಮಾಣಪತ್ರ) ಕಳಿಸಬೇಕು, ಇಲ್ಲವಾದರೆ ಉಳಿದ ಹಣ ವಾಪಸ್. ಹದಿನಾಲ್ಕು ದಿನದಲ್ಲಿ ಕೊಟೇಷನ್ ತರಿಸಿ ಡಿಟೆಕ್ಟರ್ ಕೊಳ್ಳಲು ಆಗುತ್ತದೆಯೇ? ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗಿಗೆ ಏಳು ತಿಂಗಳು ಫೆಲೋಶಿಪ್ ಬಂದಿರಲಿಲ್ಲ. ಕತ್ತಲೆ ಕೋಣೆಯಲ್ಲಿ ಸ್ಪೆಕ್ಟ್ರೋಮೀಟರ್ ಮುಂದೆ ಗಂಟೆಗಟ್ಟಲೆ ಕೂತು, ರೀಡಿಂಗ್ ಮೂರು ಸಲ ತಗೊಂಡು ಸರಾಸರಿ ಬರೆಯುತ್ತಿದ್ದವಳು. ಬ್ಯಾಂಕ್ ಪರೀಕ್ಷೆ ಪಾಸಾಗಿ ಹೋದಳು. ಅವಳ ನೋಟ್‌ಬುಕ್ ಇನ್ನೂ ನನ್ನ ಹತ್ತಿರವೇ ಇದೆ.

ಎರಡನೇ ಕೆಲಸ, ದೊಡ್ಡ ಮೊತ್ತವನ್ನು ಬಿಡಿಸಿ ನೋಡುವುದು. ಇದನ್ನು ಮಾತ್ರ ಬಿಡಬೇಡಿ. 2025-26ರ ಬಜೆಟ್‌ನಲ್ಲಿ ಡಿಎಸ್‌ಟಿಗೆ ಸುಮಾರು 28,500 ಕೋಟಿ ರೂಪಾಯಿ ಎಂದಿತ್ತು. ಹಿಂದಿನ ವರ್ಷದ ಅಂದಾಜು 8,000 ಕೋಟಿ ಚಿಲ್ಲರೆ. ಮೂರು ಪಟ್ಟು ಹೆಚ್ಚಳ ಅಂತ ಖುಷಿಯಾಗುತ್ತದೆ, ಅಲ್ವಾ? ಆದರೆ ಸಾಲುಸಾಲಾಗಿ ಓದಿ. ಅದರಲ್ಲಿ 20,000 ಕೋಟಿ ಆರ್‌ಡಿಐ (ಸಂಶೋಧನೆ, ಅಭಿವೃದ್ಧಿ ಮತ್ತು ನಾವೀನ್ಯ) ಎಂಬ ಒಂದೇ ಯೋಜನೆಗೆ. ಖಾಸಗಿ ಕಂಪನಿಗಳ ಸಂಶೋಧನೆಗೆ ಕಡಿಮೆ ಬಡ್ಡಿಯ, ದೀರ್ಘಾವಧಿ ಸಾಲ ಒದಗಿಸುವುದು ಅದರ ಮುಖ್ಯ ಕೆಲಸ. ಲ್ಯಾಬ್‌ನಲ್ಲಿ ಈಗಾಗಲೇ ಒಂದು ಹಂತ ದಾಟಿದ ತಂತ್ರಜ್ಞಾನಕ್ಕೆ ಮಾತ್ರ. ಅದು ಬೇಕು, ನನ್ನ ತಕರಾರಿಲ್ಲ. ಆದರೆ ಅದನ್ನು ಕಳೆದರೆ ಉಳಿದದ್ದು ಸುಮಾರು 8,500 ಕೋಟಿ. ನೋಟ್‌ಬುಕ್‌ನಲ್ಲಿ ಬರೆಯಬೇಕಾದದ್ದು ಇದನ್ನು.

ಸಾಲ ಕೊಟ್ಟವರಿಗೆ ವಾಪಸ್ ಬರುವ ದಾರಿ ಕಾಣಬೇಕು. ಪ್ರಕೃತಿಯ ನಿಯಮಗಳನ್ನು ಹುಡುಕುವ ಮೂಲವಿಜ್ಞಾನದಲ್ಲಿ ಆ ದಾರಿ ಮೊದಲೇ ಕಾಣುವುದಿಲ್ಲ. ನಮ್ಮ ಬೆಂಗಳೂರಿನ ಭೌತವಿಜ್ಞಾನಿ ಸಿ.ವಿ. ವಿಶ್ವೇಶ್ವರ ಅವರು ಅಮೆರಿಕದಲ್ಲಿದ್ದಾಗ, ಅಲುಗಿದ ಕಪ್ಪುಕುಳಿ (ಬ್ಲ್ಯಾಕ್ ಹೋಲ್) ಹೇಗೆ ಕಂಪಿಸಿ ಸುಮ್ಮನಾಗುತ್ತದೆ ಎಂದು ಲೆಕ್ಕ ಹಾಕಿದರು. ಅದು 1970. ಎರಡು ಕಪ್ಪುಕುಳಿಗಳು ಕೂಡಿದಾಗ ಹೊಮ್ಮಿದ, ಅಂಥ ಕಂಪನದ ಗುರುತು ಹೊತ್ತ ಗುರುತ್ವ ಅಲೆಗಳನ್ನು ಅಮೆರಿಕದ ಲೈಗೋ ವೀಕ್ಷಣಾಲಯ ಹಿಡಿದದ್ದು 2015ರ ಸೆಪ್ಟೆಂಬರ್ 14ರಂದು. ನಲವತ್ತೈದು ವರ್ಷ! ಲೈಗೋಗೆ ದಶಕಗಟ್ಟಲೆ ಹಣ ಹಾಕಿದ್ದು ಅಮೆರಿಕ ಸರ್ಕಾರದ ಎನ್‌ಎಸ್‌ಎಫ್ (ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ). ಯಾವ ಬ್ಯಾಂಕ್ ಅಷ್ಟು ಕಾಯುತ್ತದೆ?

ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಹಣವನ್ನು ಡಿಎಸ್‌ಟಿಯಲ್ಲಿ ಹುಡುಕಬೇಡಿ, ಅದು ಶಿಕ್ಷಣ ಸಚಿವಾಲಯದಡಿ ಬರುತ್ತದೆ. ಜೀವವಿಜ್ಞಾನದ ರಾಷ್ಟ್ರೀಯ ಕೇಂದ್ರ ಎನ್‌ಸಿಬಿಎಸ್ ಅಣುಶಕ್ತಿ ಇಲಾಖೆಯಡಿ. ರಾಮನ್ ಸಂಶೋಧನಾ ಸಂಸ್ಥೆಯಾದರೆ ಡಿಎಸ್‌ಟಿಯಲ್ಲೇ ಇದೆ.

ಆಮೇಲೆ ಜಿಡಿಪಿಯ ಜೊತೆ ಹೋಲಿಸಿ. ಸರ್ಕಾರಿ, ಖಾಸಗಿ ಎಲ್ಲ ಸೇರಿ 2020-21ರಲ್ಲಿ ಭಾರತ ಸಂಶೋಧನೆಗೆ ಹಾಕಿದ್ದು ಜಿಡಿಪಿಯ ಶೇ. 0.64. ಚೀನಾ ಶೇ. 2.4ರ ಆಸುಪಾಸು, ದಕ್ಷಿಣ ಕೊರಿಯಾ 5ರ ಹತ್ತಿರ. ಚಿಪ್‌ಗೂ ಬ್ಯಾಟರಿಗೂ ನಾವು ಅವರ ಕಡೆ ಯಾಕೆ ನೋಡುತ್ತಿದ್ದೇವೆ ಎಂಬುದಕ್ಕೆ ಇದೂ ಒಂದು ಕಾರಣ.

ಇಷ್ಟಾದ ಮೇಲೆ ನಿಮ್ಮ ಸಂಸದರಿಗೆ ಪತ್ರ ಬರೆಯಿರಿ. "ವಿಜ್ಞಾನಕ್ಕೆ ಹೆಚ್ಚು ಹಣ ಕೊಡಿ" ಅಂತ ಬರೆದರೆ ಉಪಯೋಗವಿಲ್ಲ. ಸದನದಲ್ಲಿ ಕೇಳಬಹುದಾದ ಒಂದು ಪ್ರಶ್ನೆಯನ್ನೇ ಬರೆದು ಕೊಡಿ: "ಕಳೆದ ಮೂರು ವರ್ಷಗಳಲ್ಲಿ ಸಂಶೋಧನಾ ಪ್ರಾಜೆಕ್ಟ್‌ಗಳ ಎರಡನೇ ವರ್ಷದ ಕಂತು ಯಾವ ತಿಂಗಳಲ್ಲಿ ಬಿಡುಗಡೆಯಾಗಿದೆ?" ಲೋಕಸಭೆಯಲ್ಲಿ ಪ್ರಶ್ನೆಗೆ ಕನಿಷ್ಠ ಹದಿನೈದು ದಿನದ ನೋಟಿಸ್ ಬೇಕು, ಹಾಗಾಗಿ ಅಧಿವೇಶನಕ್ಕೆ ತಿಂಗಳ ಮೊದಲೇ ಕೊಡಿ. ಚುಕ್ಕೆ ಗುರುತಿಲ್ಲದ ಪ್ರಶ್ನೆಯಾದರೂ ಸಾಕು, ಲಿಖಿತ ಉತ್ತರ ಬರುತ್ತದೆ. ಅದನ್ನು ಸಂಸತ್ತಿನ ವೆಬ್‌ಸೈಟ್‌ನಿಂದ ಇಳಿಸಿಕೊಂಡು ನೋಟ್‌ಬುಕ್‌ನಲ್ಲಿ ಅಂಟಿಸಿ.